ಎರಡು ಸೂರ್ಯರ ಗ್ರಹಕ್ಕೆ ಸಿನಿಮಾದ ಹೆಸರು: ಲಾಭ ಯಾರಿಗೆ?

2011ರ ಸೆಪ್ಟೆಂಬರ್ 15ರಂದು ನಾಸಾದ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ಒಂದು ಪತ್ರಿಕಾಗೋಷ್ಠಿ ನಡೆಯಿತು. ಖಗೋಳ ವಿಜ್ಞಾನಿಗಳ ಜೊತೆ ಸಿನಿಮಾದವರೊಬ್ಬರೂ ಇದ್ದರು. ಅವರು ಜಾನ್ ನೋಲ್. 'ಸ್ಟಾರ್ ವಾರ್ಸ್' ಚಿತ್ರಗಳ ವಿಶುವಲ್ ಎಫೆಕ್ಟ್ಸ್ ಮಾಡಿದ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಕಂಪನಿಯವರು. ಅವತ್ತಿನ ಸುದ್ದಿ ಇಷ್ಟು: ಎರಡು ನಕ್ಷತ್ರಗಳನ್ನು ಒಟ್ಟಿಗೆ ಸುತ್ತುವ ಒಂದು ಗ್ರಹವನ್ನು ಕೆಪ್ಲರ್ ಟೆಲಿಸ್ಕೋಪ್ ಪತ್ತೆ ಮಾಡಿದೆ. ಅದರ ಹೆಸರು ಕೆಪ್ಲರ್-16ಬಿ. ಆದರೆ ಜನರ ಬಾಯಲ್ಲಿ ಉಳಿದದ್ದು ಬೇರೆ ಹೆಸರು, ಟ್ಯಾಟೂಯಿನ್.

1977ರ ಮೊದಲ 'ಸ್ಟಾರ್ ವಾರ್ಸ್' ನೋಡಿದವರಿಗೆ ಆ ದೃಶ್ಯ ಮರೆತಿರುವುದಿಲ್ಲ. ಟ್ಯಾಟೂಯಿನ್ ಎಂಬ ಮರಳುಗಾಡಿನ ಗ್ರಹ. ಹುಡುಗನೊಬ್ಬ ನಿಂತು ನೋಡುತ್ತಿದ್ದಾನೆ. ಎದುರಿಗೆ ಎರಡು ಸೂರ್ಯರು ಮುಳುಗುತ್ತಿದ್ದಾರೆ. ಅಂದಿನಿಂದ ಇಂದಿನವರೆಗೆ ಎರಡು ನಕ್ಷತ್ರಗಳ ಸುತ್ತ ಯಾವ ಗ್ರಹ ಸಿಕ್ಕರೂ ಸುದ್ದಿಯ ತಲೆಬರಹ ಒಂದೇ: 'ಇನ್ನೊಂದು ಟ್ಯಾಟೂಯಿನ್'. ಇಂಗ್ಲಿಷ್ ಪತ್ರಿಕೆಗಳು ಹೀಗೆ ಬರೆಯುತ್ತವೆ, ನಮ್ಮ ಕನ್ನಡದ ವೆಬ್‌ಸೈಟ್‌ಗಳೂ ಅದನ್ನೇ ಇಳಿಸಿಕೊಳ್ಳುತ್ತವೆ. ಇದರಿಂದ ಓದುಗನಿಗೆ ಏನು ಸಿಗುತ್ತದೆ, ಏನು ತಪ್ಪಿಹೋಗುತ್ತದೆ ಅನ್ನುವುದು ಕೂತು ಯೋಚಿಸಬೇಕಾದ ವಿಷಯ.

ಮೊದಲೇ ಹೇಳಿಬಿಡುತ್ತೇನೆ, ಸಿನಿಮಾದ ಹೆಸರು ಅಂತ ಮೂಗು ಮುರಿಯುವವರ ಜೊತೆ ನಾನಿಲ್ಲ. ಹೆಸರಿಡುವ ಕೆಲಸ ಯಾವತ್ತೂ ಬರೀ ವಿಜ್ಞಾನದ್ದಾಗಿರಲಿಲ್ಲ. 1610ರಲ್ಲಿ ಗುರು ಗ್ರಹದ ನಾಲ್ಕು ಚಂದ್ರರನ್ನು ಕಂಡ ಗೆಲಿಲಿಯೋ ಅವುಗಳಿಗೆ ಮೆಡಿಚಿ ಮನೆತನದ ಹೆಸರಿಟ್ಟ. 1781ರಲ್ಲಿ ಯುರೇನಸ್ ಕಂಡ ವಿಲಿಯಂ ಹರ್ಷೆಲ್ ಅದನ್ನು ಮೂರನೇ ಜಾರ್ಜ್ ದೊರೆಯ ಹೆಸರಲ್ಲಿ ಕರೆಯಲು ಹೊರಟ. ಆಶ್ರಯ ಕೊಟ್ಟವರ ಋಣ ತೀರಿಸುವ ಕ್ರಮ ಅದು. ಆಮೇಲೆ ಯುರೇನಸ್‌ನ ಚಂದ್ರರಿಗೆ ಶೇಕ್ಸ್‌ಪಿಯರ್ ನಾಟಕಗಳ ಪಾತ್ರಗಳು ಬಂದವು. ಟೈಟಾನಿಯಾ, ಓಬೆರಾನ್, ಮಿರಾಂಡಾ. ಜನ ದುಡ್ಡು ಕೊಟ್ಟು ನಿಂತು ನೋಡುತ್ತಿದ್ದ ನಾಟಕಗಳವು. ಅವತ್ತಿನ ಜನಪ್ರಿಯ ಸಂಸ್ಕೃತಿ ಅಂದರೆ ಅದೇ ಅಲ್ವಾ?

ಇವತ್ತು ಅಧಿಕೃತ ಹೆಸರು ಕೊಡುವ ಸಂಸ್ಥೆ 1919ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ. ಅದೂ ಕಥೆಗಳಿಗೆ ಬಾಗಿಲು ಮುಚ್ಚಿಲ್ಲ. ನ್ಯೂ ಹೊರೈಜನ್ಸ್ ನೌಕೆ 2015ರಲ್ಲಿ ಪ್ಲೂಟೊ ಪಕ್ಕ ಹಾದುಹೋಯಿತು. ಪ್ಲೂಟೊದ ಚಂದ್ರ ಶ್ಯಾರನ್ ಮೇಲಿನ ಕುಳಿಗಳನ್ನು ಆ ತಂಡದವರು ತಮ್ಮ ತಮ್ಮಲ್ಲಿ 'ಸ್ಟಾರ್ ವಾರ್ಸ್', 'ಸ್ಟಾರ್ ಟ್ರೆಕ್' ಪಾತ್ರಗಳ ಹೆಸರಲ್ಲಿ ವೇಡರ್, ಸ್ಕೈವಾಕರ್, ಕಿರ್ಕ್, ಸ್ಪಾಕ್ ಅಂತ ಕರೆಯುತ್ತಿದ್ದರು. 2018ರಲ್ಲಿ ಒಕ್ಕೂಟ ಅಂಗೀಕರಿಸಿದ ಪಟ್ಟಿಯಲ್ಲಿ ಇವು ಇರಲಿಲ್ಲ. ನಿರ್ದೇಶಕ ಕುಬ್ರಿಕ್, ಲೇಖಕ ಆರ್ಥರ್ ಕ್ಲಾರ್ಕ್ ಇದ್ದರು. ಜೊತೆಗೆ ನಮಗೆ ಗೊತ್ತಿರುವ ಒಂದು ಹೆಸರೂ ಇತ್ತು, ರೇವತಿ. ತಂದೆ ಕಕುದ್ಮಿಯ ಜೊತೆ ಬ್ರಹ್ಮಲೋಕಕ್ಕೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ಕಾದು ಮರಳಿದರೆ ಭೂಮಿಯಲ್ಲಿ ಯುಗಗಳೇ ಉರುಳಿದ್ದವು. ಆಮೇಲೆ ಬಲರಾಮನ ಹೆಂಡತಿಯಾದವಳು. ಕಾಲ ದಾಟಿ ಬಂದವಳು ಅನ್ನುವ ಕಾರಣಕ್ಕೇ ಆ ಕುಳಿಗೆ ಅವಳ ಹೆಸರು ಬಂತು. ದೂರದ ಪಯಣದ ಕಥೆಗಳಿಗಾಗಿ ಮೀಸಲಿಟ್ಟ ಜಾಗದಲ್ಲಿ ಇದು ಚೆನ್ನಾಗಿ ಕೂರುತ್ತದೆ.

ಹಾಗಾಗಿ ಹೆಸರು ಸಿನಿಮಾದ್ದೋ ಪುರಾಣದ್ದೋ ಅನ್ನುವುದು ನನಗೆ ಮುಖ್ಯವಲ್ಲ. ಆ ಹೆಸರು ಕೇಳಿದವನ ತಲೆಯಲ್ಲಿ ಮೂಡುವ ಚಿತ್ರಕ್ಕೂ ನಿಜವಾದ ವಸ್ತುವಿಗೂ ಎಷ್ಟು ಹೊಂದುತ್ತದೆ ಅನ್ನುವುದು ಮುಖ್ಯ. ಟ್ಯಾಟೂಯಿನ್ ಎಡವುವುದು ಇಲ್ಲೇ.

ಕೆಪ್ಲರ್-16ರ ವಿವರ ನೋಡೋಣ. ನಮ್ಮಿಂದ ಸುಮಾರು 245 ಜ್ಯೋತಿರ್ವರ್ಷ ದೂರ. ಅಲ್ಲಿ ಎರಡು ನಕ್ಷತ್ರಗಳಿವೆ. ದೊಡ್ಡದು ಕಿತ್ತಳೆ ಬಣ್ಣದ್ದು, ಸೂರ್ಯನ ತೂಕದ 69%. ಚಿಕ್ಕದು ಕೆಂಪು, ಬರೀ 20%. ಇವೆರಡೂ 41 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಇವೆರಡನ್ನೂ ಸೇರಿಸಿ, ಹೊರಗಿನಿಂದ, 229 ದಿನಕ್ಕೊಮ್ಮೆ ಗ್ರಹ ಸುತ್ತುತ್ತದೆ. ಗ್ರಹದ ದೂರ ಸೂರ್ಯನಿಂದ ಶುಕ್ರ ಇರುವಷ್ಟೇ, ಹೆಚ್ಚೂಕಮ್ಮಿ.

ಎರಡು ಸೂರ್ಯ, ಅದೂ ಶುಕ್ರನಷ್ಟು ಹತ್ತಿರ. ಕೇಳಿದ ತಕ್ಷಣ ಸುಡು ಬಿಸಿಲು ಅನಿಸುತ್ತದೆ. ನಿಜ ಸಂಗತಿ ಉಲ್ಟಾ. ಅಲ್ಲಿನ ತಾಪಮಾನ ಸೊನ್ನೆಗಿಂತ 70ರಿಂದ 100 ಡಿಗ್ರಿ ಸೆಲ್ಸಿಯಸ್ ಕೆಳಗೆ. ದೊಡ್ಡ ನಕ್ಷತ್ರವೇ ನಮ್ಮ ಸೂರ್ಯ ಚೆಲ್ಲುವ ಬೆಳಕಿನ ಏಳನೇ ಒಂದು ಪಾಲಿನಷ್ಟು ಮಾತ್ರ ಕೊಡುತ್ತದೆ. ಚಿಕ್ಕದರದ್ದಂತೂ ಲೆಕ್ಕಕ್ಕೇ ಬರುವುದಿಲ್ಲ. ದೊಡ್ಡ ನಕ್ಷತ್ರ ಅದನ್ನು ಪೂರ್ತಿ ಮರೆಮಾಡಿದಾಗ ಕೆಪ್ಲರ್ ಕಂಡ ಒಟ್ಟು ಬೆಳಕಿನಲ್ಲಿ ಕಡಿಮೆಯಾದದ್ದು 1.6% ಅಷ್ಟೇ.

ಇನ್ನು ಮರಳುಗಾಡಿನ ಮಾತು. ಈ ಗ್ರಹದ ತೂಕ ಹೆಚ್ಚೂಕಮ್ಮಿ ಶನಿಯಷ್ಟು. ಕಾಲೂರಲು ಅಲ್ಲಿ ನೆಲವೇ ಇಲ್ಲ. ಮರಳಿನ ಪ್ರಶ್ನೆ ಬಂತೆಲ್ಲಿಂದ?

ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಕೆಲವು ವರ್ಷಗಳ ಹಿಂದೆ ದೂರದ ಗ್ರಹಗಳಿಗೆ ಪ್ರವಾಸೋದ್ಯಮದ ಶೈಲಿಯ ಪೋಸ್ಟರ್‌ಗಳನ್ನು ಮಾಡಿತು. ಅದರಲ್ಲಿ ಕೆಪ್ಲರ್-16ಬಿಯದೂ ಒಂದು. ಬಹಳ ಚಂದದ ಪೋಸ್ಟರ್. ಬಂಡೆಗಳ ನಡುವೆ ಗಗನಯಾತ್ರಿಯೊಬ್ಬ ಒಂಟಿಯಾಗಿ ನಿಂತಿದ್ದಾನೆ. ಆಕಾಶದಲ್ಲಿ ಎರಡು ಸೂರ್ಯರು. ಅವನ ಕಾಲಬುಡದಿಂದ ಎರಡು ನೆರಳು. ಕೆಳಗಿನ ವಿವರಣೆಯಲ್ಲಿ ಒಂದು ವಾಕ್ಯ ಇದೆ: ಇಲ್ಲಿ ಇದನ್ನು ಕಲ್ಲುಮಣ್ಣಿನ ಗ್ರಹವಾಗಿ ತೋರಿಸಿದ್ದೇವೆ, ಶನಿಯಂಥ ಅನಿಲ ಗ್ರಹವೂ ಇರಬಹುದು ಎಂಬರ್ಥದ್ದು. ಅಲ್ಲಿನ ಚಳಿ ಡ್ರೈ ಐಸ್‌ನಷ್ಟು ಅಂತಲೂ ಅದರಲ್ಲೇ ಇದೆ. ಪೋಸ್ಟರನ್ನು ಗೋಡೆಗೆ ಅಂಟಿಸಿದವರು ಎಷ್ಟೋ ಜನ. ಆ ವಾಕ್ಯ ಓದಿದವರು ಎಷ್ಟು ಮಂದಿ ಇದ್ದಾರು? ಗಗನಯಾತ್ರಿ ನಿಲ್ಲಲು ನೆಲ ಬಂದದ್ದು ಅಳತೆಯಿಂದ ಅಲ್ಲ, ಆ ಸಿನಿಮಾದ ನೆನಪಿನಿಂದ ಅಂತ ನನಗನಿಸುತ್ತದೆ.

ಹಾಗಂತ ಸೂರ್ಯಾಸ್ತ ಸುಳ್ಳಲ್ಲ. ಆ ಗ್ರಹದ ಮೇಲ್ಪದರದ ಮೋಡಗಳಲ್ಲಿ ತೇಲುತ್ತಾ ನೋಡುವುದಾದರೆ ದೊಡ್ಡ ನಕ್ಷತ್ರ ನಮ್ಮ ಸೂರ್ಯನಷ್ಟೇ ಅಗಲ ಕಾಣುತ್ತದೆ. ಕೆಂಪು ನಕ್ಷತ್ರ ಅದರ ಮೂರನೇ ಒಂದು ಪಾಲು. ಕೈ ಮುಂದೆ ಚಾಚಿ ಮುಷ್ಟಿ ಹಿಡಿದರೆ ಅದು ಆಕಾಶದ ಸುಮಾರು 10 ಡಿಗ್ರಿ ಮುಚ್ಚುತ್ತದೆ. ಎರಡು ಸೂರ್ಯರ ನಡುವೆ ಹೆಚ್ಚೆಂದರೆ ಸುಮಾರು ಅಂಥ ಎರಡು ಮುಷ್ಟಿಯಷ್ಟು ಅಂತರ. ಕೆಲವು ವಾರ ಕೆಂಪು ಸೂರ್ಯ ಮೊದಲು ಮುಳುಗುತ್ತದೆ, ಮತ್ತೆ ಕೆಲವು ವಾರ ಕಿತ್ತಳೆಯದು. ನಡುವೆ ಒಂದು ಇನ್ನೊಂದನ್ನು ಮರೆಮಾಡುತ್ತದೆ. ಸಿನಿಮಾದ ಒಂದು ಚೌಕಟ್ಟಿನ ದೃಶ್ಯಕ್ಕಿಂತ ಇದು ಎಷ್ಟೋ ಹೆಚ್ಚು ಸೊಗಸಾದ ಸಂಗತಿ. ಆದರೆ ಆ ಹೆಸರಿನ ಹಿಂದೆ ಬಂದ ಸುದ್ದಿಗಳಲ್ಲಿ ಇದಕ್ಕೆ ಜಾಗ ಸಿಗುವುದೇ ಅಪರೂಪ.

ಅಡ್ಡಹೆಸರಿನ ಪರವಾಗಿಯೂ ಒಂದು ಮಾತು ಹೇಳಬೇಕು. ಗ್ರಹಗಳ ಅಧಿಕೃತ ಹೆಸರುಗಳು ನಾಲಿಗೆಗೆ ಸಲೀಸಲ್ಲ. ನಕ್ಷತ್ರದ ಹೆಸರಿನ ಮುಂದೆ ಇಂಗ್ಲಿಷಿನ ಸಣ್ಣ ಅಕ್ಷರ ಸೇರಿಸಿ ಗ್ರಹ, ದೊಡ್ಡ ಅಕ್ಷರ ಸೇರಿಸಿ ಜೊತೆಯ ನಕ್ಷತ್ರ. ಕನ್ನಡದಲ್ಲಿ ಸಣ್ಣದು ದೊಡ್ಡದು ಅಂತ ಎರಡು ಬಗೆ ಅಕ್ಷರ ಇಲ್ಲ. ಹಾಗಾಗಿ 'ಕೆಪ್ಲರ್-16ಬಿ' ಅಂತ ಬರೆದರೆ ಗ್ರಹವೋ, ಆ ಕೆಂಪು ನಕ್ಷತ್ರವೋ ಗೊತ್ತಾಗುವುದಿಲ್ಲ. ಈ ಲೇಖನದಲ್ಲೂ ನಾನು ಬಿಡಿಸಿ ಹೇಳಲೇಬೇಕಾಗಿದೆ. ಇಂಥ ಕಡೆ ನೆನಪಿನಲ್ಲಿ ನಿಲ್ಲುವ ಒಂದು ಹೆಸರು ಬೇಕೇ ಬೇಕು.

ಇನ್ನೊಂದು ಉಪಕಾರವೂ ಇದೆ. ಎರಡು ನಕ್ಷತ್ರಗಳ ಗ್ರಹಗಳನ್ನು ಹುಡುಕುವುದು ಕಂಪ್ಯೂಟರಿಗೆ ಕಷ್ಟ. ಗ್ರಹ ನಕ್ಷತ್ರದ ಮುಂದೆ ಹಾದಾಗ ಬೆಳಕು ಚೂರು ಕುಗ್ಗುತ್ತದೆ. ಒಂಟಿ ನಕ್ಷತ್ರವಾದರೆ ಈ ಕುಗ್ಗುವಿಕೆ ಗಡಿಯಾರದಂತೆ ಸರಿಯಾದ ಹೊತ್ತಿಗೆ ಬರುತ್ತದೆ. ಜೋಡಿಯಲ್ಲಿ ನಕ್ಷತ್ರಗಳೇ ಓಡಾಡುತ್ತಿರುವುದರಿಂದ ಅದು ಒಮ್ಮೆ ದಿನಗಟ್ಟಲೆ ಮುಂಚೆ, ಒಮ್ಮೆ ತಡವಾಗಿ ಬರುತ್ತದೆ. ಜೊತೆಗೆ ನಕ್ಷತ್ರಗಳ ನಡುವಿನ ಗ್ರಹಣಗಳ ಗಲಾಟೆ ಬೇರೆ. ಇಂಥ ಗೋಜಲು ಮನುಷ್ಯರ ಕಣ್ಣಿಗೆ ಬೇಗ ಸಿಗುತ್ತದೆ. 2012ರಲ್ಲಿ 'ಪ್ಲಾನೆಟ್ ಹಂಟರ್ಸ್' ಯೋಜನೆಯ ಸಾಮಾನ್ಯ ಸ್ವಯಂಸೇವಕರು ಇಂಥದ್ದೊಂದು ಗ್ರಹವನ್ನು ಹಿಡಿದರು. ಅದು ನಾಲ್ಕು ನಕ್ಷತ್ರಗಳ ಸಂಸಾರದಲ್ಲಿತ್ತು. 2019ರಲ್ಲಿ ನಾಸಾದ ಗಾಡರ್ಡ್ ಕೇಂದ್ರಕ್ಕೆ ಇಂಟರ್ನ್ ಆಗಿ ಬಂದ 17 ವರ್ಷದ ಶಾಲಾ ಹುಡುಗ ಮೂರನೇ ದಿನವೇ ಟಿಒಐ-1338 ಎಂಬ ಜೋಡಿ ನಕ್ಷತ್ರದ ಗ್ರಹದ ಸುಳಿವು ಹಿಡಿದ. ಸಾಮಾನ್ಯ ಜನರ ಕುತೂಹಲ ಈ ವಿಷಯದಲ್ಲಿ ನಿಜವಾದ ಬಂಡವಾಳ. ಒಂದು ಹೆಸರು ಆ ಕುತೂಹಲವನ್ನು ಎಬ್ಬಿಸುತ್ತದೆ ಅಂದರೆ ಅದನ್ನು ಸುಮ್ನೆ ತಳ್ಳಿಹಾಕಲು ಬರುವುದಿಲ್ಲ.

ಆದರೆ ಕುತೂಹಲ ಎದ್ದ ಮೇಲೆ ಏನು ಬಡಿಸುತ್ತೇವೆ? ಈ ಗ್ರಹಗಳ ಬಗ್ಗೆ ಈಗ ನಡೆಯುತ್ತಿರುವ ನಿಜವಾದ ಚರ್ಚೆ ಹೆಸರಿನಲ್ಲಿ ಇಲ್ಲವೇ ಇಲ್ಲ. ಇವು ಯಾಕಿಷ್ಟು ಕಡಿಮೆ ಅನ್ನುವುದು ಆ ಚರ್ಚೆ. ಬೇರೆ ಸೂರ್ಯರ ಸುತ್ತ ಇದುವರೆಗೆ 6000ಕ್ಕೂ ಜಾಸ್ತಿ ಗ್ರಹಗಳು ಸಿಕ್ಕಿವೆ. ಜೋಡಿ ನಕ್ಷತ್ರಗಳ ಮುಂದೆ ಹಾದುಹೋಗುವಾಗ ಸಿಕ್ಕಿಬಿದ್ದವು ಹದಿನಾಲ್ಕರ ಆಸುಪಾಸು. ಅದರಲ್ಲೂ ಒಂದು ವಿಚಿತ್ರ ಇದೆ. ಒಂದನ್ನೊಂದು 7 ದಿನಕ್ಕಿಂತ ಬೇಗ ಸುತ್ತುವ ಜೋಡಿಗಳು ಆಕಾಶದಲ್ಲಿ ಬೇಕಾದಷ್ಟಿವೆ. ಅವುಗಳ ಮುಂದೆ ಗ್ರಹ ಹಾದುಹೋದದ್ದು ಒಂದೂ ಸಿಕ್ಕಿಲ್ಲ.

2025ರಲ್ಲಿ ಬರ್ಕ್ಲಿಯ ಮೊಹಮ್ಮದ್ ಫರ್ಹತ್ ಮತ್ತು ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯದ ಜಿಹಾದ್ ತೂಮಾ ಇದಕ್ಕೊಂದು ಉತ್ತರ ಕೊಟ್ಟರು. ಅವರು ಬೊಟ್ಟು ಮಾಡಿದ್ದು ಐನ್‌ಸ್ಟೈನ್‌ನ ಸಾಮಾನ್ಯ ಸಾಪೇಕ್ಷತೆಯ ಕಡೆ. ಬುಧ ಗ್ರಹದ ಅಂಡಾಕಾರದ ಕಕ್ಷೆ ಒಂದೇ ಕಡೆ ನಿಲ್ಲದೆ ನಿಧಾನವಾಗಿ ತಿರುಗುತ್ತಾ ಹೋಗುತ್ತದೆ. 1915ರಲ್ಲಿ ಐನ್‌ಸ್ಟೈನ್ ಬಿಡಿಸಿದ ಒಗಟು ಅದು. ಜೋಡಿ ನಕ್ಷತ್ರಗಳ ಕಕ್ಷೆಯೂ ಹಾಗೆಯೇ ತಿರುಗುತ್ತದೆ. ಒಂದರ ಸೆಳೆತ ಇನ್ನೊಂದರಲ್ಲಿ ಉಬ್ಬರ ಎಬ್ಬಿಸುತ್ತಾ, ಕೋಟ್ಯಂತರ ವರ್ಷಗಳಲ್ಲಿ ಅವು ಹತ್ತಿರವಾಗುತ್ತವೆ. ಹತ್ತಿರವಾದಷ್ಟೂ ಸಾಪೇಕ್ಷತೆಯಿಂದ ಆಗುವ ಈ ತಿರುಗಾಟ ಜೋರಾಗುತ್ತದೆ. ಗ್ರಹದ ಕಕ್ಷೆಯೂ ತಿರುಗುತ್ತಿರುತ್ತದೆ, ಆದರೆ ಜೋಡಿ ಹತ್ತಿರವಾದಂತೆ ಅದರ ವೇಗ ಇಳಿಯುತ್ತದೆ. ಏರುವುದೂ ಇಳಿಯುವುದೂ ಒಂದು ಹಂತದಲ್ಲಿ ಸಮವಾಗುತ್ತವೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಮತ್ತೆ ಮತ್ತೆ ತಳ್ಳಿದರೆ ಅದು ಏರುತ್ತಾ ಹೋಗುವಂತೆ, ಗ್ರಹದ ಕಕ್ಷೆ ಉದ್ದ ಉದ್ದವಾಗುತ್ತದೆ. ಕೊನೆಗೆ ಗ್ರಹ ಜೋಡಿಗೆ ತೀರಾ ಹತ್ತಿರ ಬರುತ್ತದೆ. ಒಂದೋ ಹೊರಗೆ ಎಸೆಯಲ್ಪಡುತ್ತದೆ, ಇಲ್ಲವೇ ನಾಶವಾಗುತ್ತದೆ. ಅವರ ಲೆಕ್ಕದಲ್ಲಿ ಬಿಗಿಯಾದ ಜೋಡಿಗಳ ಸುತ್ತ ಹತ್ತರಲ್ಲಿ ಎಂಟು ಗ್ರಹಗಳಿಗೆ ಈ ಗತಿ.

ಇದು ಲೆಕ್ಕಾಚಾರದ ಉತ್ತರ, ಇನ್ನೂ ಪರೀಕ್ಷೆಗೆ ಒಳಗಾಗಬೇಕು. ಆದರೂ ಎಂಥಾ ಕಥೆ! ಎರಡು ಸೂರ್ಯರ ಕೆಳಗೆ ಬದುಕಿ ಉಳಿದ ಗ್ರಹ ಅಂದರೆ ಅಳಿದುಹೋದ ಎಷ್ಟೋ ಗ್ರಹಗಳ ನಡುವೆ ಉಳಿದುಕೊಂಡದ್ದು. ನಾವು ಈ ಕಥೆ ಹೇಳಬೇಕಿತ್ತು. ಬದಲಿಗೆ ಪ್ರತಿ ಸಲವೂ ಮರಳುಗಾಡಿನ ಹುಡುಗನ ಚಿತ್ರ ಹಾಕುತ್ತೇವೆ.

ಹೆಸರು ಮೊದಲು ಬಂದು ಗ್ರಹ ಆಮೇಲೆ ಬಂದರೆ ಇನ್ನೂ ಫಜೀತಿ. 'ಸ್ಟಾರ್ ಟ್ರೆಕ್'ನ ಸ್ಪಾಕ್‌ನ ತವರು ವಲ್ಕನ್ ಎಂಬ ಗ್ರಹ. 1991ರಲ್ಲಿ ಆ ಧಾರಾವಾಹಿಯ ಸೃಷ್ಟಿಕರ್ತ ಜೀನ್ ರಾಡನ್‌ಬೆರಿ ಮೂವರು ಖಗೋಳ ವಿಜ್ಞಾನಿಗಳ ಜೊತೆ ಸೇರಿ 'ಸ್ಕೈ ಅಂಡ್ ಟೆಲಿಸ್ಕೋಪ್' ಪತ್ರಿಕೆಗೆ ಪತ್ರ ಬರೆದರು. ವಲ್ಕನ್‌ನ ಸೂರ್ಯ 40 ಎರಿಡಾನಿ ಆಗಿರಬಹುದು ಅಂತ. 16 ಜ್ಯೋತಿರ್ವರ್ಷ ದೂರದ ನಕ್ಷತ್ರ. 2018ರಲ್ಲಿ ನಿಜವಾಗಿಯೂ ಅಲ್ಲಿ ಗ್ರಹ ಸಿಕ್ಕಿತು ಅಂತ ಪ್ರಕಟವಾಯಿತು, 42 ದಿನಕ್ಕೆ ಒಂದು ಸುತ್ತು. 'ವಲ್ಕನ್ ಸಿಕ್ಕಿತು' ಅಂತ ಜಗತ್ತು ಸಂಭ್ರಮಿಸಿತು. 2024ರಲ್ಲಿ ಇನ್ನಷ್ಟು ನಿಖರವಾದ ಉಪಕರಣದಿಂದ ನೋಡಿದಾಗ ಆ 42 ದಿನದ ಸಂಕೇತ ನಕ್ಷತ್ರದ ಮೇಲ್ಮೈಯ ಚಟುವಟಿಕೆ ಅಂತ ಗೊತ್ತಾಯಿತು. ಗ್ರಹವೇ ಇರಲಿಲ್ಲ. ವಿಜ್ಞಾನದಲ್ಲಿ ಇದು ಮಾಮೂಲು, ತಪ್ಪೇನಿಲ್ಲ. ಆದರೆ ಪ್ರೀತಿಯ ಹೆಸರು ಅಂಟಿದ ಮೇಲೆ ಅದನ್ನು ಜನರ ತಲೆಯಿಂದ ಕೀಳುವುದು ಸುಲಭವಲ್ಲ.

ಜೀವಶಾಸ್ತ್ರದಲ್ಲಿ ಇದರ ಪೆಟ್ಟು ಇನ್ನೂ ಜೋರು. 1990ರ ದಶಕದ ಆರಂಭದಲ್ಲಿ ಭ್ರೂಣದ ಬೆಳವಣಿಗೆಯ ಒಂದು ಜೀನ್‌ಗೆ ವೀಡಿಯೊ ಗೇಮ್ ಪಾತ್ರದ ಹೆಸರಿಟ್ಟರು, ಸೋನಿಕ್ ಹೆಡ್ಜ್‌ಹಾಗ್. ಪ್ರಯೋಗಾಲಯದಲ್ಲಿ ತಮಾಷೆ. ಆ ಜೀನ್ ಕೆಟ್ಟರೆ ಮಗುವಿನ ಮೆದುಳು ಎರಡು ಭಾಗವಾಗಿ ಸರಿಯಾಗಿ ಬೆಳೆಯುವುದಿಲ್ಲ. ಆ ಮಗುವಿನ ಅಪ್ಪ ಅಮ್ಮನ ಎದುರು ಕೂತ ವೈದ್ಯರು ಈ ಹೆಸರನ್ನು ಹೇಗೆ ಹೇಳಬೇಕು? 2005ರಲ್ಲಿ ಕ್ಯಾನ್ಸರ್‌ಗೆ ಕುಮ್ಮಕ್ಕು ಕೊಡುವ ಒಂದು ಜೀನ್‌ಗೆ ಪೋಕೆಮಾನ್ ಅಂತ ಹೆಸರು ಬಂತು. ಆ ಹೆಸರಿನ ಕಂಪನಿ ಕಾನೂನು ಕ್ರಮದ ಮಾತೆತ್ತಿತು. ಈಗ ಅದು ಝಡ್‌ಬಿಟಿಬಿ7ಎ. ಗ್ರಹಗಳ ವಿಷಯದಲ್ಲಿ ಯಾರಿಗೂ ನೋವಾಗದು ನಿಜ. ಆದರೂ ಇನ್ನೊಬ್ಬರ ಸ್ವತ್ತಾದ ಹೆಸರನ್ನು ಎರವಲು ತಂದರೆ ಅದರ ಮೇಲೆ ಹಕ್ಕು ನಮಗಿರುವುದಿಲ್ಲ ಅನ್ನುವುದು ಅಲ್ಲಿಗೂ ಅನ್ವಯ.

ನಮ್ಮ ಮಲೆನಾಡಿನಲ್ಲೇ ಎರಡು ಉದಾಹರಣೆಗಳಿವೆ. ಇವನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಒಂದು ಜೇಡ. ಶಿವಮೊಗ್ಗ ಜಿಲ್ಲೆಯ ಕಾನು ಕಾಡಿನಲ್ಲಿ ಸಿಕ್ಕಿದ್ದು, 2016ರಲ್ಲಿ ಪ್ರಕಟವಾಯಿತು. ಕೆಲವೇ ಮಿಲಿಮೀಟರ್ ಉದ್ದದ ಜೀವ. ಒಣಗಿದ ಎಲೆಯ ಚೂರಿನಂತೆ ಕಾಣುತ್ತದೆ, ತುದಿ ಮೊನಚಾಗಿ ಬಾಗಿದೆ. ಹ್ಯಾರಿ ಪಾಟರ್ ಕಥೆಗಳಲ್ಲಿ ಬರುವ ಮಂತ್ರದ ಟೊಪ್ಪಿಗೆಯ ಆಕಾರ. ಆ ಟೊಪ್ಪಿಗೆಯ ಮೊದಲ ಯಜಮಾನನ ಹೆಸರಲ್ಲಿ ಅದು ಎರಿಯೋವಿಕ್ಸಿಯಾ ಗ್ರಿಫಿಂಡೊರಿ ಆಯಿತು. ಜಗತ್ತಿನ ಪತ್ರಿಕೆಗಳೆಲ್ಲ ಬರೆದವು, ಕಥೆಗಳ ಲೇಖಕಿಯೂ ಸಂತೋಷಪಟ್ಟರು. ಸಾಮಾನ್ಯ ಜೇಡವೊಂದಕ್ಕೆ ಇಂಥ ಗಮನ ಸಿಗುವುದು ಸಣ್ಣ ಮಾತಲ್ಲ. ಹೋಲಿಕೆಯೂ ನಿಜವಾದದ್ದೇ. ಚಿತ್ರ ನೋಡಿದವರು ಒಪ್ಪುತ್ತಾರೆ. ಆದರೆ ಸುದ್ದಿಯ ಜೊತೆ ಪಯಣಿಸಿದ್ದು ಟೊಪ್ಪಿಗೆ. ಸೊರಬ, ಸಾಗರದ ಕಡೆ ಊರವರು ತಲೆಮಾರುಗಳಿಂದ ಕಾಯ್ದುಕೊಂಡು ಬಂದ, ಇವತ್ತು ಚೂರುಚೂರಾಗಿ ಉಳಿದಿರುವ ಕಾನುಗಳ ವಿಷಯ ಹಿಂದೆಯೇ ಉಳಿಯಿತು.

ಇನ್ನೊಂದು ಕಪ್ಪೆ. ಉತ್ತರ ಕನ್ನಡದ ಕತ್ತಲೆಕಾನಿನ ತೊರೆಗಳಲ್ಲಿ ಇರುವಂಥದ್ದು. 2014ರಲ್ಲಿ ಅದಕ್ಕೆ ನಿಕ್ಟಿಬಟ್ರಾಕಸ್ ಕುಂಬಾರ ಅಂತ ಹೆಸರಿಟ್ಟರು. ರಾತ್ರಿ ಹೆಣ್ಣು ಮೊಟ್ಟೆ ಇಟ್ಟು ಹೋದ ಮೇಲೆ ಗಂಡು ತೊರೆಯ ತಳದಿಂದ ಕೆಸರು ಎತ್ತುತ್ತದೆ. ಮುಂಗೈಗಳಿಂದ ಅದನ್ನು ಮೊಟ್ಟೆಗಳ ಮೇಲೆ ಬಳಿಯುತ್ತದೆ. ಕುಂಬಾರನ ಕೈಯ ಕೆಲಸವೇ. ರಾತ್ರಿಯೆಲ್ಲ ನೀರಿನಲ್ಲಿ ಕೂತು ನೋಡಿದವರಿಗೆ ಮಾತ್ರ ಹೊಳೆಯುವ ಹೆಸರು ಇದು. ಹೆಸರು ಕೇಳಿದವನು 'ಯಾಕೆ ಕುಂಬಾರ?' ಅಂತ ಕೇಳಿದರೆ ಸಾಕು, ಆ ಕಪ್ಪೆಯ ಬದುಕಿನ ಮುಖ್ಯ ಸಂಗತಿ ಅವನಿಗೆ ಸಿಕ್ಕಿರುತ್ತದೆ. ಗ್ರಹಗಳಿಗೂ ಇಂಥ ಹೆಸರು ಬರಲಿ ಅಂತ ನನ್ನ ಆಸೆ.

ಗ್ರಹಗಳಿಗೆ ಹೆಸರಿಡುವ ಅವಕಾಶ ಭಾರತಕ್ಕೆ ಒಮ್ಮೆ ಸಿಕ್ಕಿತ್ತು. ಖಗೋಳ ಒಕ್ಕೂಟ ತನ್ನ ನೂರನೇ ವರ್ಷಕ್ಕೆ, 2019ರಲ್ಲಿ, ಒಂದೊಂದು ದೇಶಕ್ಕೆ ಒಂದೊಂದು ನಕ್ಷತ್ರ ಮತ್ತು ಗ್ರಹ ಕೊಟ್ಟಿತು. ಸಾರ್ವಜನಿಕರ ಸಲಹೆಗಳಿಂದ ನಮ್ಮ ನಕ್ಷತ್ರಕ್ಕೆ ಬಂದ ಹೆಸರು ಬಿಭಾ. ಕಾಸ್ಮಿಕ್ ಕಿರಣಗಳ ಮೇಲೆ ಕೆಲಸ ಮಾಡಿದ ಭೌತವಿಜ್ಞಾನಿ ಬಿಭಾ ಚೌಧುರಿ ನೆನಪಿಗೆ. ಕೋಲಾರದ ಚಿನ್ನದ ಗಣಿಯ ಆಳದಲ್ಲಿ ನಡೆದ ಪ್ರಯೋಗಗಳ ಜೊತೆಗೂ ಅವರಿಗೆ ನಂಟಿತ್ತು. ಗ್ರಹದ ಹೆಸರು ಸಂತಮಸ. ಮೋಡ ಕವಿದದ್ದು, ಮಬ್ಬಾದದ್ದು ಎಂಬ ಅರ್ಥದಲ್ಲಿ, ಅದರ ವಾತಾವರಣ ಹಾಗಿರಬಹುದು ಅಂತ ಇಟ್ಟದ್ದು. ಬದುಕಿದ್ದಾಗ ತಕ್ಕ ಮನ್ನಣೆ ಸಿಗದ ಒಬ್ಬ ಹೆಣ್ಣುಮಗಳ ಹೆಸರು ಆಕಾಶದಲ್ಲಿದೆ. ಈ ಹೆಸರುಗಳನ್ನು ನಮ್ಮ ಪಠ್ಯಪುಸ್ತಕಗಳು, ಸುದ್ದಿಗಳು ಬಳಸಿದರೆ ಎಷ್ಟು ಚೆನ್ನ. ಟ್ಯಾಟೂಯಿನ್ ಗೊತ್ತಿರುವ ನಮ್ಮ ಮಕ್ಕಳಿಗೆ ಬಿಭಾ ಗೊತ್ತಿಲ್ಲ ಅನ್ನುವುದು ನನಗೆ ಬೇಸರದ ಸಂಗತಿ.

ಕೆಪ್ಲರ್-16ಬಿ ಮಾತ್ರ ಅಧಿಕೃತವಾಗಿ ಇಂದಿಗೂ ಕೆಪ್ಲರ್-16ಬಿ. ಅದರ ಕಕ್ಷೆ ನಿಧಾನಕ್ಕೆ ಓಲಾಡುತ್ತಿರುವುದರಿಂದ 2018ರಿಂದ ಅದು ನಮ್ಮ ದೃಷ್ಟಿಗೆ ಆ ದೊಡ್ಡ ನಕ್ಷತ್ರದ ಮುಂದೆ ಹಾದುಹೋಗುತ್ತಿಲ್ಲ. ಮತ್ತೆ ಹಾಯುವುದು 2042ರ ಸುಮಾರಿಗೆ. ಈ ನಡುವೆ ಫ್ರಾನ್ಸಿನ ಓಟ್ ಪ್ರೊವಾನ್ಸ್ ವೀಕ್ಷಣಾಲಯದವರು ನಕ್ಷತ್ರದ ಓಲಾಟವನ್ನು ಅಳೆದು ಗ್ರಹ ಅಲ್ಲೇ ಇದೆ ಅಂತ 2022ರಲ್ಲಿ ತೋರಿಸಿದರು.

ಮತ್ತೆ 2025ರ ಏಪ್ರಿಲ್‌ನಲ್ಲಿ ಇನ್ನೊಂದು ಸುದ್ದಿ ಬಂತು. 2ಎಂ1510 ಎಂಬ ಜೋಡಿ, ಸುಮಾರು 120 ಜ್ಯೋತಿರ್ವರ್ಷ ದೂರ. ಎರಡೂ ಕಂದು ಕುಬ್ಜಗಳು, ಅಂದರೆ ನಕ್ಷತ್ರವಾಗಿ ಉರಿಯಲು ತೂಕ ಸಾಲದವು. ಅವುಗಳ ಕಕ್ಷೆ, ಅವು ಸುತ್ತುವ ದಿಕ್ಕಿಗೆ ವಿರುದ್ಧವಾಗಿ, ಹಿಮ್ಮುಖವಾಗಿ ತಿರುಗುತ್ತಿರುವುದು ಕಂಡಿತು. ಇದಕ್ಕೆ ಹೊಂದುವ ವಿವರಣೆ ಒಂದೇ: ಜೋಡಿ ತಿರುಗುವ ಸಮತಲಕ್ಕೆ ನೇರ ಲಂಬವಾಗಿ, ಮೇಲಿಂದ ಕೆಳಕ್ಕೆ ಸುತ್ತುವ ಗ್ರಹವೊಂದು ಅಲ್ಲಿದೆ. ಆ ಗ್ರಹ ತನ್ನ ದಾರಿಯ ತುದಿಗೆ ಹೋದಾಗ ಅಲ್ಲಿಂದ ಎರಡು ಮಂಕು ಸೂರ್ಯರೂ ಒಂದರ ಸುತ್ತ ಒಂದು ಚಕ್ರ ಹೊಡೆಯುವುದು ಪೂರ್ತಿ ಕಾಣುತ್ತದೆ, ಗ್ರಹಣವೇ ಆಗುವುದಿಲ್ಲ. ನಡುವಿನ ಸಮತಲ ದಾಟುವಾಗ ಮಾತ್ರ ಒಂದು ಇನ್ನೊಂದರ ಮರೆಗೆ ಸರಿಯುತ್ತದೆ. ಇದನ್ನೂ ಕೆಲವರು ಟ್ಯಾಟೂಯಿನ್ ಅಂತಲೇ ಬರೆದರು. ಅದರ ತೂಕ ಎಷ್ಟು, ವರ್ಷ ಎಷ್ಟು ದಿನದ್ದು ಅನ್ನುವುದನ್ನು ಇನ್ನೂ ಅಳೆಯಬೇಕಿದೆ. ಹೆಸರು ಹುಡುಕುವವರು ಆ ಅಳತೆ ಕೈಗೆ ಬರುವವರೆಗಾದರೂ ಕಾಯಲಿ.